ಕಾಗದದಲ್ಲಿ ಎರಡು ಮಕ್ಕಳು

ಅಡಿಕೆ ಬೇಯುವ ಹಂಡೆಯಿಂದ ಏಳುವ ಹಬೆಗೆ ಒಂದು ಒಗರು ವಾಸನೆಯಿದೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ, ನರಸಿಂಹರಾಜಪುರದಿಂದ ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾಗ ಆ ವಾಸನೆ ಒಮ್ಮೆಗೇ ಮುಖಕ್ಕೆ ಬಂದು ಹೊಡೆಯಿತು. ನನ್ನ ಮಾತು ಅರ್ಧಕ್ಕೆ ನಿಂತಿತು. ಪಕ್ಕದಲ್ಲಿದ್ದ ತಂಗಿಯ ಮೊಮ್ಮಗಳು ಕೈ ಅಲುಗಿಸಿ ಕೇಳಿದಳು, "ನಾನಿ, ಮಸ್ಕತ್ತಿಗೆ ಹೋಗೋಕೆ ಮುಂಚೆ ನೀವಿಲ್ಲಿ ಎಂತ ಕೆಲಸ ಮಾಡ್ತಿದ್ರಿ?"

"ನರ್ಸ್ ಆಗಿದ್ದೆ."

"ಅಲ್ಲೂ ನರ್ಸು, ಇಲ್ಲೂ ನರ್ಸು. ಮತ್ತೆ ಯಾಕೆ ಹೋದ್ರಿ?"

ಮೂವತ್ತು ವರ್ಷ ಮಸ್ಕತ್ತಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಳಾಗಿ ಬಂದವಳು ನಾನು. ಈ ಪ್ರಶ್ನೆಯನ್ನು ಬಹಳ ಜನ ಕೇಳಿದ್ದಾರೆ. ಸಂಬಳ ಹೆಚ್ಚಿತ್ತು ಎಂದು ಹೇಳಿ ಮುಗಿಸುತ್ತಿದ್ದೆ. ಆ ದಿನ ಹಾಗೆ ಹೇಳಲು ಬಾಯಿ ಬರಲಿಲ್ಲ. ಕಿಟಕಿಯ ಹೊರಗೆ ನೋಡಿದೆ.

ನನ್ನ ಹೆಸರು ಜೈನಾಬಿ. ಹಳಬರು ಇನ್ನೂ ಎಡೇಹಳ್ಳಿ ಎಂದೇ ಕರೆಯುತ್ತಿದ್ದ ನರಸಿಂಹರಾಜಪುರದ ಪೇಟೆಯಲ್ಲಿ ಅಪ್ಪನಿಗೆ ಕೊಡೆ ರಿಪೇರಿಯ ಅಂಗಡಿ ಇತ್ತು. ಮಳೆಗಾಲದಲ್ಲಿ ಊಟಕ್ಕೂ ಬಿಡುವಿಲ್ಲದಷ್ಟು ಕೆಲಸ. ಉಳಿದ ತಿಂಗಳು ಟಾರ್ಚು, ಬೀಗ, ಸ್ಟವ್ವು ಎಂದು ಕೈಗೆ ಸಿಕ್ಕಿದ್ದನ್ನು ಸರಿಮಾಡುತ್ತಿದ್ದರು. ಐದು ಮಕ್ಕಳಲ್ಲಿ ನಾನೇ ಹಿರಿಯವಳು. ಎಸ್ಸೆಸ್ಸೆಲ್ಸಿ ಪಾಸಾದಾಗ ನೆಂಟರೆಲ್ಲ ಮದುವೆಯ ಮಾತು ಎತ್ತಿದರು. ಅಪ್ಪ ಮಾತ್ರ ಯಾರ ಮಾತಿಗೂ ಕಿವಿಗೊಡದೆ ನನ್ನನ್ನು ಶಿವಮೊಗ್ಗಕ್ಕೆ ನರ್ಸ್ ಟ್ರೈನಿಂಗಿಗೆ ಕಳಿಸಿದರು. ಇಪ್ಪತ್ತು ತುಂಬುವಷ್ಟರಲ್ಲಿ ಕೊಪ್ಪ ತಾಲ್ಲೂಕಿನಲ್ಲಿ, ನಾರ್ವೆ ಎಂಬ ಊರಿನಿಂದ ಆಚೆಗಿನ ಒಂದು ಹಳ್ಳಿಗೆ ನನ್ನನ್ನು ಹಾಕಿದರು. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಇದ್ದಾರೆ.

ಒಂದು ಹಂಚಿನ ಕೋಣೆ, ಅದರ ಹಿಂದೆಯೇ ನನ್ನ ಅಡುಗೆ, ಮಲಗುವುದು ಎಲ್ಲ. ಎಂಟು ಹತ್ತು ಊರುಗಳನ್ನು ನಡೆದೇ ಸುತ್ತಬೇಕಿತ್ತು. ಮೊದಮೊದಲು ಸಾಬರ ಹುಡುಗಿ ಎಂದು ಕೆಲವರು ಒಳಗೆ ಬಿಡಲು ಹಿಂದೆಮುಂದೆ ನೋಡಿದರು. ಎರಡು ಮೂರು ಹೆರಿಗೆ ಆದ ಮೇಲೆ ಅದೂ ಹೋಯಿತು. ಯಾರಿಗೂ ನನ್ನ ಹೆಸರು ಬೇಕಾಗಲಿಲ್ಲ, ನಾನು ನರ್ಸಮ್ಮ ಅಷ್ಟೆ. ಅಂಗಳಕ್ಕೆ ಕಾಲಿಟ್ಟರೆ ಮಣೆ ಹಾಕಿ, ಬೆಲ್ಲದ ಕಾಫಿ ಕೊಟ್ಟು, ಮಕ್ಕಳನ್ನು ತಂದು ಮಡಿಲಿಗೆ ಹಾಕುತ್ತಿದ್ದರು. ಆಮೇಲೆ ನೋಡಿದ ಯಾವ ದೊಡ್ಡ ಆಸ್ಪತ್ರೆಯಲ್ಲೂ ನನಗೆ ಅಂಥ ಮರ್ಯಾದೆ ಸಿಗಲಿಲ್ಲ.

ಅಲ್ಲಿ ಯಾರ ಸಹಾಯವೂ ಇಲ್ಲದೆ ನಾನು ಮಾಡಿಸಿದ ಮೊದಲನೆಯ ಹೆರಿಗೆ ಗಿರಿಜೆಯದು. ಅವಳಿಗೂ ನನಗೂ ಒಂದೇ ವಯಸ್ಸು. ಗಂಡ ತಿಮ್ಮಪ್ಪ ಅಡಿಕೆ ಕೊನೆಗಾರ. ತೋಟದವರಿಗೆ ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸಿಕೊಡುವುದು ಅವನ ಕೆಲಸ. ಆ ಸುತ್ತಿನಲ್ಲಿ ಅವನಂಥ ಕೊನೆಗಾರ ಇರಲಿಲ್ಲ. ಒಂದು ಮರ ಹತ್ತಿದನೆಂದರೆ ತೂಗಿ ತೂಗಿ ಮುಂದಿನ ಮರ ಹಿಡಿದು, ಹಾಗೆಯೇ ಇಪ್ಪತ್ತು ಮರ ಮುಗಿಸಿ ಇಳಿಯುತ್ತಿದ್ದ. ಗಿರಿಜೆಗೆ ಒಂದೂವರೆ ದಿನ ಬೇನೆ. ಮಗು ಬಂದ ಮೇಲೆ ರಕ್ತ ನಿಲ್ಲಲಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ, ಗೊತ್ತಿಲ್ಲದ್ದಕ್ಕೆ ದೇವರನ್ನು ಕರೆದೆ. ಬೆಳಗಿನ ಹೊತ್ತಿಗೆ ಅವಳು ಕಣ್ಣು ಬಿಟ್ಟು, "ಎಂತ ಮಗು?" ಎಂದಳು. ಹೆಣ್ಣು ಎಂದೆ. "ಶೃಂಗೇರಿ ಅಮ್ಮನ ಹೆಸರು ಇಡ್ತೀನಿ ಅಂತ ಹೇಳ್ಕಂಡಿದ್ದೆ" ಎಂದು ನಕ್ಕಳು. ಹಾಗೆ ಆ ಕೂಸು ಶಾರದೆ ಆಯಿತು, ಬಾಯಲ್ಲಿ ಶಾರಿ.

ಶಾರಿ ನಡೆಯಲು ಕಲಿತ ಮೇಲೆ, ನಾನು ಆ ಕಡೆ ಹೋದಾಗಲೆಲ್ಲ ನನ್ನ ಚೀಲ ಹಿಡಿದುಕೊಳ್ಳುತ್ತಿದ್ದಳು. ಅದರೊಳಗಿಂದಲೇ ತನ್ನನ್ನು ತೆಗೆದದ್ದು ಎಂದು ಯಾರೋ ಅವಳಿಗೆ ಹೇಳಿದ್ದರು.

ಎಪ್ಪತ್ತಾರನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕೆಲಸದ ಬಣ್ಣವೇ ಬದಲಾಯಿತು. ಎಮರ್ಜೆನ್ಸಿಯ ಕಾಲ. ಹೆರಿಗೆ ಎಷ್ಟಾಯಿತು, ಮಕ್ಕಳಿಗೆ ಚುಚ್ಚುಮದ್ದು ಹಾಕಿದ್ದೆಷ್ಟು ಎಂದು ಕೇಳುವವರೇ ಇಲ್ಲ. ಮೀಟಿಂಗಿನಲ್ಲಿ ಒಂದೇ ಮಾತು, ಕೇಸು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ಒಪ್ಪಿ ಬಂದವರಿಗೆ ನಾವು ಕೇಸು ಎನ್ನುತ್ತಿದ್ದೆವು. ಇಂತಿಷ್ಟು ಕೇಸು ತರಲೇಬೇಕು. ತರದವರ ಸಂಬಳ ನಿಂತಿತು. ಮೇಷ್ಟ್ರುಗಳಿಗೂ ಅದೇ ಕೆಲಸ ಹಚ್ಚಿದ್ದರು. ಜೀಪಿನ ಸದ್ದು ಕೇಳಿದರೆ ಗಂಡಸರು ಕೆಲಸ ಬಿಟ್ಟು ಕಾಡಿಗೆ ಓಡತೊಡಗಿದರು. ಆ ಜೀಪಿನಲ್ಲಿ ಹಿಂದಿನ ಸೀಟಿನಲ್ಲಿ ನಾನೂ ಇರುತ್ತಿದ್ದೆ.

ನನ್ನ ಮೇಲಿನವರು ಸರಸಕ್ಕ. ತೀರ್ಥಹಳ್ಳಿ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ನರ್ಸ್ ಕೆಲಸ ಕಲಿತು, ಮೂರು ತಾಲ್ಲೂಕಿನ ಕಾಲುದಾರಿಗಳನ್ನು ಸವೆಸಿದವರು. ನನಗೆ ಮಗು ತಿರುಗಿಸುವುದನ್ನು, ಭಯ ಮುಖದಲ್ಲಿ ಕಾಣಿಸದಂತೆ ಇರುವುದನ್ನು ಕಲಿಸಿದವರು ಅವರೇ. ಆ ಜನವರಿ ಕೊನೆಗೆ ಅವರಿಗೆ ನಿವೃತ್ತಿ. ಟಾರ್ಗೆಟ್ ಮುಟ್ಟುವವರೆಗೆ ನಿವೃತ್ತಿಯ ಕಾಗದ ಮುಂದೆ ಹೋಗುವುದಿಲ್ಲ ಎಂದು ಮೇಲಿನಿಂದ ಹೇಳಿಕಳಿಸಿದ್ದರು. ಡಿಸೆಂಬರಿನಲ್ಲಿ ಅವರಿಗೆ ಒಂದೇ ಒಂದು ಕೇಸು ಕಡಿಮೆ ಇತ್ತು.

ಆ ಬೆಳಿಗ್ಗೆ ಜೀಪು ತಿಮ್ಮಪ್ಪ ಕೊನೆ ತೆಗೆಯುತ್ತಿದ್ದ ತೋಟದ ಅಂಚಿಗೇ ಹೋಗಿ ನಿಂತಿತು. ಉಳಿದ ಆಳುಗಳು ಓಡಿದರು. ತಿಮ್ಮಪ್ಪ ಮರದ ತುದಿಯಲ್ಲಿದ್ದ, ಓಡುವುದಕ್ಕೆ ಆಗಲಿಲ್ಲ. ಅಲ್ಲೇ ಕೂತ. ಜೀಪಿನಲ್ಲಿ ನನ್ನ, ಸರಸಕ್ಕನ ಜೊತೆ ಬಂದಿದ್ದ ಇಬ್ಬರು ಗಂಡಸರು ಮರದ ಬುಡದಲ್ಲಿ ಬೀಡಿ ಹಚ್ಚಿ ಕೂತರು. ಒಂಬತ್ತು ಗಂಟೆಯಿಂದ ಮಧ್ಯಾಹ್ನದವರೆಗೆ ಅವನು ಇಳಿಯಲಿಲ್ಲ, ಇವರು ಏಳಲಿಲ್ಲ. ಅತ್ತ ಅಡಿಕೆ ಸುಲಿಯುವ ಚಪ್ಪರದಲ್ಲಿ ಹೆಂಗಸರು ಮಾತಿಲ್ಲದೆ ಸುಲಿಯುತ್ತಿದ್ದರು. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಗಿರಿಜೆ ಕತ್ತಿ ಬಿಟ್ಟು ಎದ್ದು, ಅಡಿಕೆಯ ಚೊಗರು ಹತ್ತಿ ಕಪ್ಪಾದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು.

"ನರ್ಸಮ್ಮ, ಅವ್ರನ್ನ ಮುಟ್ಬೇಡಿ. ಕತ್ತರಿ ಹಾಕಿಸ್ಕಂಡ ಗಂಡಸ್ರು ಮರ ಹತ್ತಂಗಿಲ್ಲ ಅಂತಾರೆ. ಅವ್ರು ಮರ ಹತ್ತದಿದ್ರೆ ನಾವು ತಿನ್ನೋದೆಂತ?"

"ಅದೆಲ್ಲ ಸುಳ್ಳು ಗಿರಿಜ. ಯಾರೋ ಹಬ್ಬಿಸಿದ್ದು."

"ಸುಳ್ಳೋ ನಿಜವೋ, ನಂಗೆಂತ ಗೊತ್ತಾಗ್ತದೆ. ಅವ್ರು ಹೆದ್ರಿ ಮೇಲಿಂದ ಬಿದ್ರೆ ಎಂತ ಮಾಡ್ಲಿ? ಅವ್ರ ಬದ್ಲು ನಾನೇ ಬತ್ತೀನಿ. ಹೆಂಗಸ್ರಿಗೂ ಮಾಡ್ತಾರಂತಲ್ಲ."

ನಾನು ಬೇಡ ಎಂದೆ. ನಿನಗಿರುವುದು ಒಂದೇ ಕೂಸು, ನಿನ್ನದು ಕೇಸಿಗೆ ಬರುವುದೇ ಇಲ್ಲ ಎಂದೆ. ಎರಡು ಮಕ್ಕಳಿರಬೇಕು ಎನ್ನುವುದು ಆಗಿನ ನಿಯಮ. ಹಿಂದೆ ನಿಂತಿದ್ದ ಸರಸಕ್ಕ ಇದನ್ನೆಲ್ಲ ಕೇಳಿಸಿಕೊಂಡರು. ಚಪ್ಪರದ ಮೂಲೆಯಲ್ಲಿ ಶಾರಿ ಮತ್ತು ಇನ್ನೊಬ್ಬ ಹುಡುಗ ಅಡಿಕೆ ಸಿಪ್ಪೆಯ ರಾಶಿಯ ಮೇಲೆ ಆಡುತ್ತಿದ್ದರು. ಆ ಹುಡುಗ ರಾಜು, ತಿಮ್ಮಪ್ಪನ ತಂಗಿಯ ಮಗ. ತಾಯಿ ಇಲ್ಲದ್ದರಿಂದ ಇವರ ಮನೆಯಲ್ಲೇ ಬೆಳೆಯುತ್ತಿದ್ದ.

"ಮನೇಲಿ ಎರಡು ಮಕ್ಕಳಿದಾವಲ್ಲ ಜೈನಾ" ಎಂದರು ಸರಸಕ್ಕ, ಮೆಲ್ಲಗೆ. "ಎರಡು ಅಂತ ಬರಿ."

"ಅಕ್ಕ, ಅದು ಅವಳದಲ್ಲ."

"ಅವಳೇ ಸಾಕ್ತಿರೋದಲ್ವ. ಹೆಚ್ಚು ಮಾತಾಡ್ಬೇಡ ಮಾರಾಯ್ತಿ. ಮೊದಲ ಹೆರಿಗೇಲೇ ಸತ್ತು ಬದುಕಿದಾಳೆ ಅಂತ ನೀನೇ ಹೇಳಿದ್ದೆ. ಇನ್ನೊಂದಾದ್ರೆ ಉಳೀತಾಳೆ ಅಂತ ಬರ್ಕೊಡ್ತೀಯಾ?"

ಅದರಲ್ಲಿ ಸತ್ಯವೂ ಇತ್ತು. ನನಗೆ ಆ ಸತ್ಯವನ್ನು ಹಿಡಿದುಕೊಳ್ಳುವುದು ಬೇಕಾಗಿತ್ತು. ಮರದ ಮೇಲೆ ಅವನು, ಕೆಳಗೆ ಅವರು, ಪಕ್ಕದಲ್ಲಿ ಮೂವತ್ತು ವರ್ಷ ನಡೆದು ಕಾಲು ಊದಿಸಿಕೊಂಡ ಸರಸಕ್ಕ. ಗಿರಿಜೆ ಕೇಳಿದಳು, "ಮುಂದೆ ಯಾವತ್ತಾದ್ರೂ ಇನ್ನೊಂದು ಬೇಕು ಅನ್ಸಿದ್ರೆ?"

"ಬಿಚ್ಚಬಹುದು" ಎಂದರು ಸರಸಕ್ಕ. "ಗಂಟು ಹಾಕಿದ್ದನ್ನ ಬಿಚ್ಚೋಕೆ ಬರಲ್ವಾ?"

ಗಿರಿಜೆ ಸರಸಕ್ಕನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. "ಹೌದಾ ನರ್ಸಮ್ಮ?"

ಅದು ಗಂಟು ಹಾಕುವುದಷ್ಟೇ ಅಲ್ಲ, ಕತ್ತರಿಸುವುದು ಎಂದು ನನಗೆ ಗೊತ್ತಿತ್ತು. ಟ್ರೈನಿಂಗಿನಲ್ಲಿ ಚಿತ್ರ ಬರೆದು ಪರೀಕ್ಷೆ ಪಾಸಾಗಿದ್ದೆ.

"ಹೌದು" ಎಂದೆ.

ಪೇಟೆಯ ಒಂದು ಛತ್ರದಲ್ಲಿ ಕ್ಯಾಂಪು. ಸಾಲಾಗಿ ಚಾಪೆ ಹಾಸಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಕಾಗದ ತುಂಬಿದವಳು ನಾನು. ಮಕ್ಕಳ ಸಂಖ್ಯೆ ಎಂಬ ಕಡೆ ಎರಡು ಎಂದು ಬರೆದೆ, ಕೆಳಗೆ ಸಹಿ ಹಾಕಿದೆ. ಗಿರಿಜೆ ಹೆಬ್ಬೆಟ್ಟು ಒತ್ತಿದಳು. ಆ ವಾರವಿಡೀ ಅವಳ ಪಕ್ಕದಲ್ಲೇ ಇದ್ದೆ. ಹೊಲಿಗೆ ಬಿಚ್ಚಿದ ದಿನ ಅವಳು, "ಇಷ್ಟೇನಾ? ಇದಕ್ಕೆ ಅವ್ರು ಅಷ್ಟೊತ್ತು ಮರದ ಮೇಲೆ ಕೂತಿದ್ರಲ್ಲ!" ಎಂದು ನಕ್ಕಳು. ನನಗೂ ನಗು ಬಂತು. ನನಗೆ ಆಗ ದುಃಖವೇನೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಒಂದು ಭಾರ ಇಳಿದಂತೆ ಹಗುರಾಗಿತ್ತು.

ಜನವರಿ ಕೊನೆಗೆ ಸರಸಕ್ಕನಿಗೆ ಹಾರ ಹಾಕಿ, ಶಾಲು ಹೊದಿಸಿ ಬೀಳ್ಕೊಟ್ಟೆವು. ಬಸ್ಸು ಹತ್ತುವ ಮುಂಚೆ ಅವರು ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ನಿಂದ ಮಾನವಾಗಿ ಮನೆಗೆ ಹೋಗ್ತಿದೀನಿ ಜೈನಾ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮಾರ್ಚಿನಲ್ಲಿ ಚುನಾವಣೆ ಬಂತು, ಸರ್ಕಾರ ಬದಲಾಯಿತು. ಮೀಟಿಂಗಿನಲ್ಲಿ ಕೇಸು ಎಂಬ ಪದವನ್ನು ಯಾರೂ ಎತ್ತಲಿಲ್ಲ. ಅದೊಂದು ಜ್ವರ, ಬಂತು, ಬಿಟ್ಟಿತು ಎನ್ನುವ ಹಾಗೆ ಎಲ್ಲರೂ ಮೊದಲಿನ ಕೆಲಸಕ್ಕೆ ತಿರುಗಿದರು.

ಆದರೆ ಊರು ತಿರುಗಲಿಲ್ಲ. ಮಣೆ ಹಾಕುವುದು ನಿಂತಿತು. ನಾನು ಅಂಗಳಕ್ಕೆ ಬಂದರೆ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ಚುಚ್ಚುಮದ್ದು ಎಂದರೆ, ಅದರಲ್ಲೂ ಎಂತದೋ ಇದೆ, ಮುಂದೆ ಮಕ್ಕಳಿಗೆ ಮಕ್ಕಳಾಗಲ್ಲ ಎನ್ನುತ್ತಿದ್ದರು. ಒಬ್ಬ ಮುದುಕಿ ಅಂಗಳದ ಬೇಲಿಯ ಬಾಗಿಲಲ್ಲೇ ತಡೆದು, ಮುಖಕ್ಕೆ ಹೊಡೆದ ಹಾಗೆ ಹೇಳಿದಳು, "ನಿಮ್ ಚೀಲ ದಣಪೆ ಆಚೆ ಇಟ್ಟು ಬನ್ನಿ." ಗಿರಿಜೆಯ ಮನೆಯಲ್ಲಿ ಮಾತ್ರ ನನಗೆ ಕಾಫಿ ಸಿಗುತ್ತಿತ್ತು. ಅವಳ ಅತ್ತೆಗೆ ಅದೂ ಇಷ್ಟವಿರಲಿಲ್ಲ.

ಏಪ್ರಿಲ್‌ನಲ್ಲಿ ಆ ಕಡೆಯ ಕೇರಿಗಳಿಗೆ ದಡಾರ ಬಂತು. ಮಕ್ಕಳ ಮೈಮೇಲೆ ಕೆಂಪು ದದ್ದು ಎದ್ದರೆ ಮನೆಗೆ ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಔಷಧಿ ಮುಟ್ಟಿಸುತ್ತಿರಲಿಲ್ಲ. ಮೊದಲಾಗಿದ್ದರೆ ನಾನು ಹೇಗೋ ಮಾತಾಡಿ, ಜಗಳವಾಡಿ ಒಳಗೆ ಹೋಗುತ್ತಿದ್ದೆ. ಆ ವರ್ಷ ಆ ಹಕ್ಕು ನನಗೆ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಗಿರಿಜೆಯ ಮನೆಗೆ ಹೋದೆ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಮನೇಲಿ ಯಾರೂ ಇಲ್ಲ."

ಒಳಗಿನಿಂದ ಕೆಮ್ಮು ಕೇಳಿಸಿತು. ಸಣ್ಣ ಮಗುವಿನ ಕೆಮ್ಮು.

"ಯಾರದು ಅದು?"

"ರಾಜೂದು. ಥಂಡಿ ಆಗ್ಯದೆ."

ರಾಜು ಆಗ ನನ್ನ ಹಿಂದೆ ಅಂಗಳದಲ್ಲೇ ನಿಂತಿದ್ದನಂತೆ. ನಾನು ತಿರುಗಿ ನೋಡಲಿಲ್ಲ. ಮುದುಕಿಯ ಜೊತೆ ವಾದ ಮಾಡುವ ಮುಖ ನನಗಿರಲಿಲ್ಲ. ತಲೆ ಬಗ್ಗಿಸಿ, ಪಕ್ಕದ ಕಾಲುದಾರಿಯಲ್ಲಿ ಇಳಿದು ಹೋದೆ. ರಾಜು ಅಲ್ಲಿದ್ದ ಎಂದು ಆಮೇಲೆ ತಿಮ್ಮಪ್ಪ ಹೇಳಿದ. ಬೈದು ಹೇಳಲಿಲ್ಲ. ಸುಮ್ಮನೆ ಹೇಳಿದ.

ನಾಲ್ಕನೆಯ ದಿನ, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ, ತಿಮ್ಮಪ್ಪ ಶಾರಿಯನ್ನು ಹೆಗಲಿಗೆ ಹಾಕಿಕೊಂಡು ಓಡುತ್ತ ಬಂದ. ಹಿಂದೆ ಗಿರಿಜೆ, ಕಾಲಿಗೆ ಚಪ್ಪಲಿಯಿಲ್ಲ. ದದ್ದು ಆಗಲೇ ಕಪ್ಪಾಗಿ ಉದುರುತ್ತಿತ್ತು. ಎದೆ ಉಸಿರುಸಿರಿಗೂ ಒಳಗೆ ಸೇದಿಕೊಳ್ಳುತ್ತಿತ್ತು. ಉಗುರು ನೀಲಿ. ನನ್ನ ಹತ್ತಿರ ಇದ್ದ ಮದ್ದು ಕೊಟ್ಟೆ. ಆಸ್ಪತ್ರೆ ಮುಟ್ಟಿಸಬೇಕಿತ್ತು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ರಸ್ತೆ ಬದಿಯ ಕಲ್ಲುಕಟ್ಟೆಯ ಮೇಲೆ ಮಗುವನ್ನು ಕೂರಿಸಿದಂತೆ ಹಿಡಿದುಕೊಂಡು ಕಾದೆವು. ತಿಮ್ಮಪ್ಪ ರಸ್ತೆಯ ಮಧ್ಯೆ ನಿಂತು, ಯಾವುದಾದರೂ ಗಾಡಿ ಬಂದೀತೆಂದು ಎರಡೂ ಕಡೆ ನೋಡುತ್ತಿದ್ದ. ಒಂದೂ ಬರಲಿಲ್ಲ. ಶಾರಿ ಒಮ್ಮೆ ಕಣ್ಣು ತೆರೆದು ನನ್ನ ಚೀಲದ ಕಡೆ ಕೈ ಚಾಚಿದಳು. ಚೀಲವನ್ನು ಅವಳ ಮಡಿಲಿಗೆ ಇಟ್ಟೆ. ಬಸ್ಸಿನ ಸದ್ದು ಏರಿನ ಕೆಳಗೆ ಕೇಳಿಸುವ ಹೊತ್ತಿಗೆ ಅವಳ ಎದೆ ನಿಂತಿತ್ತು.

ಬಸ್ಸು ಬಂದು ನಿಂತಿತು. ಕಂಡಕ್ಟರು ಕೆಳಗಿಳಿದು ನೋಡಿದ. ಮತ್ತೆ ಹತ್ತಿ, ಸೀಟಿ ಊದದೆ ಕೈಯಿಂದ ಬಸ್ಸಿನ ಮೈ ತಟ್ಟಿದ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಿರಿಜೆ ಬಂದಳು. ಸಸಿ ನೆಡುವ ಗದ್ದೆಯಿಂದ ನೇರವಾಗಿ ಬಂದಿದ್ದಳು; ಬೆನ್ನಿಗೆ ಮಳೆಗೆ ಹೊದೆಯುವ ಗೊರಬು, ಮೊಣಕಾಲಿನವರೆಗೆ ಕೆಸರು. ಒಳಗೆ ಬಾ ಎಂದರೆ ನೆಲ ಕೆಸರಾಗ್ತದೆ ಎಂದು ಹೊಸ್ತಿಲ ಆಚೆಯೇ ನಿಂತಳು. ಎರಡು ತಿಂಗಳಿಂದ ನಾವು ಮಾತಾಡಿರಲಿಲ್ಲ.

"ನರ್ಸಮ್ಮ, ಅದನ್ನ ಬಿಚ್ಚಿಸ್ಕೊಡಿ" ಎಂದಳು. "ನಟ್ಟಿ ಮುಗೀಲಿ ಅಂತ ಕಾಯ್ತಿದ್ದೆ. ಕಾಯಕ್ಕಾಗಲಿಲ್ಲ."

ಆಗ ಅವಳಿಗೆ ನಿಜ ಹೇಳಬಹುದಿತ್ತು. ಹೇಳಬೇಕಾದವಳು ನಾನೇ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ ಮಾತು. "ಡಾಕ್ಟರ ಹತ್ರ ಕೇಳಿ ನೋಡೋಣ" ಎಂದೆ.

ಮಾರನೆಯ ದಿನ ಇಬ್ಬರೂ ಕೊಪ್ಪಕ್ಕೆ ಹೋದೆವು. ಅವಳು ಮದುವೆಯಲ್ಲಿ ಕೊಟ್ಟ ಸೀರೆ ಉಟ್ಟುಕೊಂಡು ಬಂದಿದ್ದಳು. ದಾರಿಯುದ್ದಕ್ಕೂ ಮಾತಾಡಿದಳು. ಈ ಸಲ ಬೇನೆ ಬಂದರೆ ಹೆದರುವುದಿಲ್ಲ, ನೀವಿದ್ದೀರಲ್ಲ ಎಂದಳು. ಹುಡುಗನಾದರೂ ಸರಿ, ಹುಡುಗಿಯಾದರೂ ಸರಿ, ಶಾರಿ ಎಂದು ಮಾತ್ರ ಕರೆಯುವುದಿಲ್ಲ ಎಂದಳು. ನಾನು ಹೂಂಗುಟ್ಟುತ್ತ ಕೂತಿದ್ದೆ.

ಆ ಡಾಕ್ಟರು ಒಳ್ಳೆಯವರು, ಹೊಸದಾಗಿ ಬಂದವರು. ಶಾರಿಯ ವಿಷಯ ಕೇಳಿ, ಹಳೆಯ ಕಾಗದ ತರಿಸಿ ನೋಡಿದರು. ಅವಳನ್ನು ಕೂರಿಸಿ ನಿಧಾನವಾಗಿ ಹೇಳಿದರು. ಇದು ಬಿಚ್ಚುವಂಥದ್ದಲ್ಲ, ಕತ್ತರಿಸಿ ಕಟ್ಟುವುದು. ದೂರದ ದೊಡ್ಡ ಆಸ್ಪತ್ರೆಗಳಲ್ಲಿ ಎಲ್ಲೋ ಒಬ್ಬಿಬ್ಬರು ಮತ್ತೆ ಜೋಡಿಸಲು ನೋಡುತ್ತಾರೆ, ಆದರೆ ಸುಮ್ಮನೆ ಆಸೆ ಹುಟ್ಟಿಸಲಾರೆ. ಗಿರಿಜೆ ತಲೆಯಾಡಿಸುತ್ತ ಕೇಳಿದಳು. ಅರ್ಥವಾಯಿತೋ ಇಲ್ಲವೋ ಎಂದು ಅವರು ಇನ್ನೊಮ್ಮೆ ಹೇಳಿದರು.

"ಅರ್ಥ ಆಯ್ತು ಅಯ್ಯ" ಎಂದಳು.

ಡಾಕ್ಟರು ಸಮಾಧಾನ ಹೇಳಲು ಕಾಗದದ ಮೇಲೆ ಬೆರಳಿಟ್ಟರು. "ಇನ್ನೊಂದು ಮಗು ಇದೆಯಲ್ಲಮ್ಮ. ಇಲ್ಲಿ ಎರಡು ಅಂತ ಬರೆದಿದೆ."

"ಇಲ್ಲ ಅಯ್ಯ. ನಂಗೆ ಅದೊಂದೇ."

ಅವರು ತಲೆ ಎತ್ತಿದರು. ಕಾಗದದ ಕೆಳಗಿನ ಸಹಿಯನ್ನು ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ಎರಡು ಅಂತ ಯಾರು ಹೇಳಿದ್ದು?"

ನಾನೇ ಸರ್ ಎಂಬ ಮಾತು ಗಂಟಲವರೆಗೆ ಬಂದಿತ್ತು. ಬಂದಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

"ನಾನೇ ಅಯ್ಯ" ಎಂದಳು ಗಿರಿಜೆ. "ನರ್ಸಮ್ಮ ಕೇಳಿದ್ರು. ನಾನೇ ಎರಡು ಅಂದೆ. ಅವ್ರಿಗೆಂತ ಗೊತ್ತು."

ಡಾಕ್ಟರು ಮತ್ತೆ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಕೊನೆಗೆ ಕಾಗದ ಮಡಚಿ ಒಳಗಿಟ್ಟರು. ನನ್ನ ಕೆಲಸ ಉಳಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಮಳೆ ಬಡಿಯುತ್ತಿತ್ತು. ಒಂದೇ ಕೊಡೆಯಡಿ ನಿಂತಿದ್ದೆವು.

"ಯಾಕೆ ಹಾಗೆ ಹೇಳಿದೆ ಗಿರಿಜ?"

"ಮತ್ತೆಂತ ಹೇಳ್ಲಿ? ನಿಮ್ ಕೆಲಸ ಹೋದ್ರೆ ನನ್ ಕೂಸು ವಾಪಸ್ ಬತ್ತದಾ?"

ಆಮೇಲೆ ತಾನಾಗಿಯೇ ಹೇಳಿದಳು. "ನಿಮ್ಗೂ ಅವ್ರು ಸುಳ್ಳೇ ಹೇಳಿದ್ದು, ಅಲ್ವಾ? ಬಿಚ್ಚಬಹುದು ಅಂತ. ಪಾಪ, ನಿಮ್ಗೂ ಗೊತ್ತಿರ್ಲಿಲ್ಲ."

ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಬಸ್ಸು ಬಂತು. ಹತ್ತಿದೆವು. ಅವಳು ನನ್ನ ಭುಜಕ್ಕೆ ತಲೆ ಆನಿಸಿ, ಶಬ್ದವಿಲ್ಲದೆ ಅತ್ತಳು. ನನ್ನ ರವಿಕೆಯ ತೋಳು ಒದ್ದೆಯಾದದ್ದು ಮಳೆಗೆ ಎಂದು ಎದುರಿನವರು ತಿಳಿದುಕೊಂಡಿರಬೇಕು.

ಆ ಮಳೆಗಾಲ ಮುಗಿಯುವ ಮೊದಲು ಸರಸಕ್ಕನನ್ನು ಹುಡುಕಿಕೊಂಡು ತೀರ್ಥಹಳ್ಳಿಗೆ ಹೋದೆ. ತಮ್ಮನ ಮನೆಯ ಹಿಂದಿನ ಜಗಲಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದರು. ಎಲ್ಲ ಕೇಳುತ್ತ ಮೊಣಕಾಲು ನೀವಿಕೊಂಡರು. "ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳನ್ನ ಈ ಕೈಯಲ್ಲಿ ಎತ್ತಿದೀನೋ ಲೆಕ್ಕ ಇಟ್ಟಿಲ್ಲ ಜೈನಾ" ಎಂದರು. "ಮನೆಗೆ ಬಂದು ಕೂತ್ರೆ ಒಂದರ ಮುಖವೂ ನೆನಪಿಗೆ ಬರಲ್ಲ. ಆ ಚಪ್ಪರದಲ್ಲಿ ಆಡ್ತಿದ್ದ ಕೂಸೊಂದೇ ಬರ್ತಿತ್ತು. ಯಾಕಪ್ಪ ಅಂದ್ಕೊಳ್ತಿದ್ದೆ." ಊಟ ಮಾಡಿ ಹೋಗು ಎಂದರು. ನಾನು ಉಣ್ಣಲಿಲ್ಲ. ಅವರನ್ನು ನೋಡಿದ್ದು ಅದೇ ಕೊನೆ.

ಆ ಹಳ್ಳಿಯಲ್ಲಿ ಇನ್ನೊಂದು ವರ್ಷ ಇದ್ದೆ. ಹೆರಿಗೆಗೆ ಕರೆಯುವವರು ಬರಬರುತ್ತ ಮತ್ತೆ ಬಂದರು, ಜನ ಮರೆಯುತ್ತಾರೆ. ಆದರೆ ಯಾರಾದರೂ ಬಾಣಂತಿ, "ಎಂತ ಆಗಲ್ಲ ಅಲ್ವಾ ನರ್ಸಮ್ಮ?" ಎಂದು ಕೇಳಿದರೆ, ಹೌದು ಎನ್ನುವ ಒಂದು ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಧೈರ್ಯ ಹೇಳಲಾಗದ ನರ್ಸಿನಿಂದ ಏನು ಉಪಯೋಗ? ಆ ಹೊತ್ತಿಗೆ ಪೇಟೆಯ ಕೆಲವರು ಮಸ್ಕತ್ತಿಗೆ ಹೋಗಿದ್ದರು. ಅವರ ಮೂಲಕ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಪ್ಪ ಬೇಡವೆಂದರು. ಸಂಬಳ ಹೆಚ್ಚು ಎಂದೆ. ಅಲ್ಲಿ ಯಾರಿಗೂ ನನ್ನ ಭಾಷೆ ಬರುತ್ತಿರಲಿಲ್ಲ, ನನಗೆ ಅವರದ್ದು ಬರುತ್ತಿರಲಿಲ್ಲ. ಮೊದಲ ಎರಡು ವರ್ಷ ನನಗೆ ಅದೇ ಹಿತವಾಗಿತ್ತು. ಯಾರೂ ನನ್ನನ್ನು ಏನೂ ಕೇಳುವಂತಿರಲಿಲ್ಲ.

ಎಂಬತ್ತೆರಡರಲ್ಲಿ ರಜೆಗೆ ಬಂದಾಗ ಗಿರಿಜೆಯನ್ನು ನೋಡಲು ಹೋದೆ. ಒಂದೇ ಕಾರಣಕ್ಕೆ ಹೋದೆ. ನನಗೆ ಗೊತ್ತಿತ್ತು ಗಿರಿಜ, ಗೊತ್ತಿದ್ದೇ ಹೌದು ಎಂದೆ, ಎರಡು ಎಂದು ಬರೆದದ್ದೂ ಗೊತ್ತಿದ್ದೇ. ಇಷ್ಟನ್ನು ಅವಳ ಎದುರು ಹೇಳಬೇಕಿತ್ತು. ವಿಮಾನದಲ್ಲೂ ಬಸ್ಸಿನಲ್ಲೂ ಅದನ್ನೇ ಬಾಯಿಪಾಠ ಮಾಡಿಕೊಂಡಿದ್ದೆ.

ಮಧ್ಯಾಹ್ನ ಮೂರು ಗಂಟೆಯಿರಬೇಕು. ಗಿರಿಜೆ ಅಂಗಳದಲ್ಲಿ ಒಂದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸುತ್ತಿದ್ದಳು. ಗಂಡುಮಗು, ಒಂದೂವರೆ ವರ್ಷದ್ದು. ನನ್ನನ್ನು ಕಂಡವಳೇ ಎಂಜಲು ಕೈಯನ್ನು ಹಿಂದಕ್ಕೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ನನ್ನ ಕೆನ್ನೆ ಮುಟ್ಟಿದಳು. "ಅಯ್ಯೋ, ಎಷ್ಟು ಸೊರಗಿದೀರಿ! ಅಲ್ಲಿ ಅನ್ನ ಸಿಗಲ್ವಾ?" ಎಂದಳು. ಅವಳ ತಲೆಯಲ್ಲಿ ಬಿಳಿ ಕೂದಲು ಕಂಡಿತು. ನಮಗಿಬ್ಬರಿಗೂ ಮೂವತ್ತು ತುಂಬಿರಲಿಲ್ಲ.

ಕಟ್ಟೆಯ ಮೇಲೆ ಕೂರಿಸಿ ತಾನೇ ಎಲ್ಲ ಹೇಳಿದಳು. ತಿಮ್ಮಪ್ಪ ಇನ್ನೊಂದು ಮದುವೆ ಬೇಡವೆಂದೇ ಇದ್ದನಂತೆ. ಇವಳೇ ಹಟ ಹಿಡಿದು ತನ್ನ ಚಿಕ್ಕಮ್ಮನ ಮಗಳನ್ನು 'ನಮ್ಮನೆಗೆ ಬಾ' ಎಂದು ಕೇಳಿ ತಂದದ್ದು. "ಒಳ್ಳೆ ಹುಡುಗಿ. ನನ್ನ ಅಕ್ಕ ಅಂತಲೇ ಕರೀತಾಳೆ. ಇದು ಅವಳ್ದೇ ಕೂಸು, ಆದ್ರೆ ರಾತ್ರಿ ಹಗಲು ನನ್ನ ಹತ್ರನೇ. ಹೆರಿಗೆಗೂ ನಾನೇ ಕೂತಿದ್ದೆ. ನೀವು ಅವತ್ತು ಮಾಡಿದ್ದೆಲ್ಲ ನೆನಪಿಟ್ಕಂಡಿದ್ದೆ" ಎಂದಳು. ಮಾತಿನಲ್ಲಿ ಕಹಿಯಿರಲಿಲ್ಲ. ಮಗುವಿನ ಬಾಯಿ ಒರೆಸಿ, "ಇದಕ್ಕೆ ಮತ್ತೊಂದು ಜೊತೆ ಬತ್ತಿದೆ ಈಗ" ಎಂದು ಒಳಗೆ ತಿರುಗಿ ಕೂಗಿದಳು. "ಸುಶೀಲಾ, ಬಾರೇ ಇಲ್ಲಿ. ಯಾರು ಬಂದಿದಾರೆ ನೋಡು. ನಮ್ಮ ನರ್ಸಮ್ಮ!"

ಬಾಗಿಲಿಗೆ ಬಂದವಳು ಇಪ್ಪತ್ತರ ಹುಡುಗಿ, ಆರು ತಿಂಗಳ ಬಸುರಿ. ಮುಖದಲ್ಲಿ ನಗುವಿತ್ತು. ನರ್ಸಮ್ಮ ಎಂಬ ಮಾತು ಕಿವಿಗೆ ಬಿದ್ದದ್ದೇ ಆ ನಗು ಹೋಯಿತು. ಅವಳು ಮೆಟ್ಟಿಲು ಇಳಿದು ಬಂದು, ನನ್ನ ಕಡೆ ನೋಡದೆ, ಗಿರಿಜೆಯ ಸೊಂಟದಿಂದ ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಮಗು ಅಳತೊಡಗಿತು.

ಗಿರಿಜೆ ನಾಚಿಕೊಂಡಳು. ಎದ್ದು ಹೋಗಿ ಬಾಗಿಲಿಗೆ ಬಾಯಿ ಹತ್ತಿರ ಇಟ್ಟು, ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ತೆಗಿಯೇ ಮಾರಾಯ್ತಿ. ಹೆದರ್ಬೇಡ. ಅವ್ರೀಗ ದೂರ ದೇಶದೋರು, ನಮ್ಮ ಕಡೆಯೋರಲ್ಲ."

ಬಾಗಿಲು ತೆಗೆಯಲಿಲ್ಲ. ಗಿರಿಜೆ ನನ್ನ ಕಡೆ ತಿರುಗಿ, "ಕೂತ್ಕಳಿ, ಈಗ ತೆಗೀತಾಳೆ. ಕಾಫಿ ಕುಡ್ದೇ ಹೋಗ್ಬೇಕು" ಎಂದಳು. ಅವಳ ಅಂಗೈಯಲ್ಲಿ ಮಗುವಿಗೆ ಕಲಸಿದ ಅನ್ನ ಇನ್ನೂ ಹಾಗೆಯೇ ಇತ್ತು. ನಾನು ಹೇಳಲು ಬಂದ ಮಾತು ಅಷ್ಟೂ ನನ್ನ ನಾಲಿಗೆಯ ಮೇಲಿತ್ತು. ಅದನ್ನು ಕೇಳಿದ ಮೇಲೆ ಅವಳಿಗೆ ಉಳಿಯುವುದೇನು ಎಂದು ನೋಡಿದೆ. ನನ್ನ ಮೇಲಿನ ನಂಬಿಕೆ ಒಂದಿತ್ತು, ಅದೂ ಹೋಗುತ್ತಿತ್ತು. ಅವಳಿಗಾಗಿ ಸುಮ್ಮನಾದೆನೋ, ನನಗಾಗಿಯೋ, ಇವತ್ತಿಗೂ ಹೇಳಲಾರೆ.

"ಬಸ್ಸಿಗೆ ಹೊತ್ತಾಯ್ತು ಗಿರಿಜ" ಎಂದು ಎದ್ದೆ.

ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.